ಭಾವನ ರಿಪೋರ್ಟು, ವಿಮೆ ಫಾರಂನ ಏಳನೇ ಪ್ರಶ್ನೆ

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಇದ್ದವರಿಗೆ ಆ ಭಯ ನೆನಪಿರುತ್ತದೆ. ಒಂದೂವರೆ ತಿಂಗಳೊಳಗೆ ಜಿಲ್ಲೆಯಲ್ಲಿ 20ಕ್ಕೂ ಜಾಸ್ತಿ ಜನ ಹೃದಯಾಘಾತದಿಂದ ತೀರಿಕೊಂಡರು ಅಂತ ದಿನಾ ಸುದ್ದಿ. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟೀ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಎದೆಯಲ್ಲಿ ಚೂರು ಗ್ಯಾಸ್ ಹಿಡಿದರೂ ಜನ ಆಟೊ ಹತ್ತುತ್ತಿದ್ದರು. ಸರ್ಕಾರ ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಹೃದಯಾಘಾತ ಅಸಹಜವಾಗಿ ಏರಿಲ್ಲ ಅಂತ ಸಮಿತಿ ಆಮೇಲೆ ಹೇಳಿತು. ಅಷ್ಟರಲ್ಲಿ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ಆಗಿತ್ತು.

ಆ ಸಾಲಿನಲ್ಲಿ ನಮ್ಮ ಭಾವನೂ ಇದ್ದರು. ವಯಸ್ಸು 46. ಬಿ.ಎಂ. ರಸ್ತೆ ಕಡೆ ಕೃಷಿ ಔಷಧಿ, ಸ್ಪ್ರೇಯರ್ ಮಾರುವ ಅಂಗಡಿ. ಆಲೂರಿನಾಚೆ ಎರಡೂವರೆ ಎಕರೆ ಕಾಫಿ, ಮೆಣಸು. ನಸುಕಿಗೇ ಎದ್ದು ಮೈಸೂರಿಗೆ ಹೋದವರು, ಸಾಲಿನ ಬಾಲ ಎಲ್ಲಿದೆ ಅಂತ ಹುಡುಕುವುದರಲ್ಲೇ ಸುಸ್ತಾಗಿ ಮಧ್ಯಾಹ್ನಕ್ಕೆ ವಾಪಸ್ ಬಂದರು. ಮಾರನೇ ದಿನ ಹಾಸನದಲ್ಲೇ ಒಂದು ಖಾಸಗಿ ಲ್ಯಾಬಿನಲ್ಲಿ 'ಫುಲ್ ಬಾಡಿ ಚೆಕಪ್' ಮಾಡಿಸಿದರು. 2,499 ರೂಪಾಯಿ. ರಕ್ತ, ಮೂತ್ರ, ಇಸಿಜಿ, ಹೊಟ್ಟೆಯ ಸ್ಕ್ಯಾನ್ ಎಲ್ಲ ಸೇರಿ.

ಇಸಿಜಿ ನಾರ್ಮಲ್. ಯಾವುದಕ್ಕೆ ಹೆದರಿ ಹೋಗಿದ್ದರೋ ಅದು ಸರಿಯಾಗೇ ಇತ್ತು. ಮಿಕ್ಕಿದ್ದೇ ಕೆಂಪು.

ಹದಿನಾಲ್ಕು ಪುಟದ ಆ ರಿಪೋರ್ಟು ಈಗಲೂ ನನ್ನ ಹತ್ತಿರ ಇದೆ. ಮೂರನೇ ಪುಟದಲ್ಲಿ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಹೆಚ್‌ಬಿಎ1ಸಿ 6.2. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಹೈ'. ಖಾಲಿ ಹೊಟ್ಟೆಯ ಸಕ್ಕರೆ 112. ರಕ್ತದ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 218. ಸ್ಕ್ಯಾನ್‌ನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್, ಪಿತ್ತಕೋಶದಲ್ಲಿ 8 ಮಿಲಿಮೀಟರಿನ ಒಂದು ಕಲ್ಲು. ಕಲ್ಲು ಇದೆ ಅಂತ ಇವರಿಗೆ ಗೊತ್ತೇ ಇರಲಿಲ್ಲ, ಒಂದು ದಿನ ನೋವೂ ಬಂದಿರಲಿಲ್ಲ. ಅಕ್ಕ ರಿಪೋರ್ಟು ನೋಡಿ ಅವತ್ತೇ ಮನೆಯಲ್ಲಿ ಮೈಸೂರ್ ಪಾಕ್ ಡಬ್ಬಿ ಎತ್ತಿಟ್ಟಳು.

ಪ್ಯಾಕೇಜಿನ ಜೊತೆ 'ಉಚಿತ ಡಾಕ್ಟರ್ ಸಲಹೆ' ಅಂತ ಒಂದಿತ್ತು. ಎರಡು ದಿನ ಬಿಟ್ಟು ಒಬ್ಬ ಡಾಕ್ಟರ್ ಫೋನ್ ಮಾಡಿ ನಾಲ್ಕು ನಿಮಿಷ ಮಾತಾಡಿದರು. ಆಮೇಲೆ ವಾಟ್ಸಾಪ್‌ನಲ್ಲಿ ಒಂದು ಪುಟದ ಪಿಡಿಎಫ್ ಬಂತು. 'ಪ್ರೀಡಯಾಬಿಟಿಸ್, ಡಿಸ್ಲಿಪಿಡೀಮಿಯಾ. ನಡಿಗೆ, ಊಟದ ಪಥ್ಯ, ಮೂರು ತಿಂಗಳಿಗೆ ಮರುಪರೀಕ್ಷೆ.' ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಿನಲ್ಲಿದ್ದೀರಿ, ರಕ್ತದ ಕೊಬ್ಬು ಏರುಪೇರಾಗಿದೆ ಅಂತ. ಭಾವ ಅದನ್ನು ತೆರೆದೂ ನೋಡಲಿಲ್ಲ. ಇಡೀ ಕತೆಯಲ್ಲಿ ಎಲ್ಲಕ್ಕಿಂತ ತೂಕದ ಕಾಗದ ಅದೇ.

ಏಜೆಂಟ್ ಫೋನಿನಲ್ಲಿ ತುಂಬಿದ ಫಾರಂ

ಭಾವನಿಗೆ ಅದುವರೆಗೆ ಆರೋಗ್ಯ ವಿಮೆ ಇರಲಿಲ್ಲ. ಹಿಂದೆ ಸಹಕಾರ ಸಂಘದ ಮೂಲಕ ಯಶಸ್ವಿನಿ ಆರೋಗ್ಯ ಯೋಜನೆ ಇತ್ತು. ಅದು 2018ರಲ್ಲಿ ನಿಂತಿತು. ಮತ್ತೆ ಶುರುವಾದಾಗ ಇವರು ಸೇರಲಿಲ್ಲ. 2019ರಲ್ಲಿ ನಾನೇ ಒಂದು ಸಲ ಹೇಳಿದ್ದೆ, ಈಗಲೇ ಒಂದು ಪಾಲಿಸಿ ತಗೊಳ್ಳಿ ಅಂತ. "ನಾನೇನು ರೋಗಿಷ್ಟನಾ?" ಅಂತ ನಕ್ಕಿದ್ದರು. ರೋಗಿಷ್ಟ ಅಲ್ಲದಾಗಲೇ ತಗೋಬೇಕಾದ ಸಾಮಾನು ಅದು ಅಂತ ನಾನೂ ಗಟ್ಟಿಯಾಗಿ ಹೇಳಲಿಲ್ಲ. ಭಾವ ಅಲ್ವಾ.

ಈಗ ರಿಪೋರ್ಟು ಕೈಗೆ ಬಂದ ಮೇಲೆ ಅವರಿಗೇ ಅವಸರ. ಪರಿಚಯದ ಏಜೆಂಟ್ ಒಬ್ಬರು ಒಂದು ಬುದ್ಧಿ ಹೇಳಿದರು, ಅದು ಸರಿಯಾದ ಬುದ್ಧಿಯೇ. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ 18% ಜಿಎಸ್‌ಟಿ ಸೊನ್ನೆ ಆಗುತ್ತದೆ, ಅಲ್ಲಿಯವರೆಗೆ ಕಾಯಿರಿ ಅಂತ. ಗಂಡ, ಹೆಂಡತಿ, ಮಗಳು, ಮೂವರಿಗೂ ಸೇರಿ 10 ಲಕ್ಷದ ಪಾಲಿಸಿ. ಪ್ರೀಮಿಯಂ 24,800. ಜಿಎಸ್‌ಟಿ ಇದ್ದಿದ್ದರೆ ಇನ್ನೂ 4,464 ಕೊಡಬೇಕಿತ್ತು. ಭಾವನಿಗೆ ಈ ಉಳಿತಾಯ ಎಷ್ಟು ಖುಷಿ ಕೊಟ್ಟಿತು ಅಂದರೆ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದರು.

ಸೆಪ್ಟೆಂಬರ್ 24ಕ್ಕೆ ಏಜೆಂಟ್ ಅಂಗಡಿಗೇ ಬಂದರು. ಗಿರಾಕಿಗಳು ನಿಂತಿದ್ದರು. ಬೋರ್ಡೊ ದ್ರಾವಣಕ್ಕೆ ಮೈಲುತುತ್ತ ತೂಗುತ್ತಾ ಭಾವ, ಫೋನಿನಲ್ಲಿ ಒತ್ತುತ್ತಾ ಏಜೆಂಟ್. "ಸಾರ್, ಕಾಯಿಲೆ ಗೀಯಿಲೆ ಏನಿಲ್ಲ ಅಲ್ವಾ?" "ಏನಿಲ್ಲ ಮಾರಾಯ." ಅಷ್ಟೇ. ಹತ್ತು ಪ್ರಶ್ನೆಗಳಿಗೂ 'ಇಲ್ಲ' ಅಂತ ಬಿತ್ತು. ಓಟಿಪಿ ಬಂತು, ಭಾವ ಜೋರಾಗಿ ಓದಿ ಹೇಳಿದರು. ಆ ಓಟಿಪಿಯೇ ಅವರ ಸಹಿ. ಇದನ್ನು ಯಾರೂ ಅವರಿಗೆ ಹೇಳಲಿಲ್ಲ. 26ನೇ ತಾರೀಕು ಪಾಲಿಸಿ ಮೇಲ್‌ಗೆ ಬಂತು.

ಏಜೆಂಟ್‌ಗೆ ರಿಪೋರ್ಟಿನ ವಿಷಯ ಗೊತ್ತಿತ್ತಾ? ಗೊತ್ತಿತ್ತು. ಭಾವನೇ ತೋರಿಸಿದ್ದರು. "ಅದು ಸುಮ್ನೆ ಚೆಕಪ್ ಸಾರ್, ಕಾಯಿಲೆ ಅಲ್ಲ. ಬರೆದರೆ ಸುಮ್ನೆ ತಲೆನೋವು" ಅಂದಿದ್ದರಂತೆ. ಈ ಮಾತನ್ನು ನಾನು ಇಡೀ ಸುಳ್ಳು ಅನ್ನುವುದಿಲ್ಲ. ಅರ್ಧ ನಿಜ. ಆ ಅರ್ಧವೇ ಅಪಾಯ.

ಅರ್ಧ ನಿಜ ಯಾವುದು

ನಾನು ಸಹಕಾರಿ ಬ್ಯಾಂಕೊಂದರ ಸಾಲದ ಟೇಬಲ್ಲಿನಲ್ಲಿ ಇಪ್ಪತ್ತು ವರ್ಷ ಕೂತವನು. ಸಣ್ಣಕ್ಷರ ಓದದೆ ಇರಲಿಕ್ಕೆ ಆಗುವುದಿಲ್ಲ. ಅಕ್ಟೋಬರ್ ಎರಡನೇ ವಾರ, ಹಾಸನಾಂಬೆಯ ಬಾಗಿಲು ತೆಗೆದ ವಾರ, ದರ್ಶನ ಮುಗಿಸಿ ಅಕ್ಕನ ಮನೆಗೆ ಹೋದಾಗ ಭಾವ ಹೆಮ್ಮೆಯಿಂದ ಪಾಲಿಸಿ ತೋರಿಸಿದರು. ಪಾಲಿಸಿಯ ಕೊನೆಗೆ ಏಜೆಂಟ್ ತುಂಬಿದ್ದ ಪ್ರಪೋಸಲ್ ಫಾರಂನ, ಅಂದರೆ ವಿಮೆಯ ಅರ್ಜಿಯ, ಪ್ರತಿಯೂ ಇತ್ತು. ಏಳನೇ ಪ್ರಶ್ನೆ ಓದಿ ನಾನು ಕಾಫಿ ಲೋಟ ಕೆಳಗಿಟ್ಟೆ.

ಪ್ರಶ್ನೆಯ ಸಾರ ಹೀಗಿತ್ತು: ಕಳೆದ ನಾಲ್ಕು ವರ್ಷಗಳಲ್ಲಿ ಯಾವುದೇ ರಕ್ತಪರೀಕ್ಷೆ, ಸ್ಕ್ಯಾನ್, ಇಸಿಜಿ ಇತ್ಯಾದಿಯಲ್ಲಿ ಅಸಹಜ ಫಲಿತಾಂಶ ಬಂದಿದೆಯೇ? ಉತ್ತರ: ಇಲ್ಲ.

ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು, 'ಮೊದಲೇ ಇದ್ದ ಕಾಯಿಲೆ' ಅಂದರೆ ಯಾವುದು ಅನ್ನುವುದು. ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ನಿಯಮ ಬದಲಿಸಿತು. ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳೊಳಗೆ ಡಾಕ್ಟರ್ ಗುರುತಿಸಿದ ಕಾಯಿಲೆ, ಅಥವಾ ಡಾಕ್ಟರ್ ಸಲಹೆ, ಚಿಕಿತ್ಸೆ ಕೊಟ್ಟ ಕಾಯಿಲೆ ಮಾತ್ರ ಆ ಲೆಕ್ಕಕ್ಕೆ ಬರುತ್ತದೆ. ಅಂಥ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಿಸಬಹುದು, ಅಂದರೆ ಅಲ್ಲಿಯವರೆಗೆ ಅದರ ಖರ್ಚು ಕೊಡದೆ ಇರಬಹುದು. ಮೊದಲು ಇದು 48 ತಿಂಗಳಿತ್ತು. ಈ ಅರ್ಥದಲ್ಲಿ ನೋಡಿದರೆ ಲ್ಯಾಬಿನ ಒಂದು ಕೆಂಪು ಅಂಕಿ ತಾನಾಗಿಯೇ ಕಾಯಿಲೆ ಅಲ್ಲ. ಹೆಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು. 6.5 ಅಥವಾ ಅದಕ್ಕಿಂತ ಮೇಲಿದ್ದರೆ ಕಾಯಿಲೆ. ಅದನ್ನೂ, ಲಕ್ಷಣ ಏನೂ ಇಲ್ಲದವರಲ್ಲಿ, ಇನ್ನೊಂದು ಸಲ ಪರೀಕ್ಷೆ ಮಾಡಿಯೇ ಡಾಕ್ಟರ್ ಖಚಿತ ಮಾಡುತ್ತಾರೆ. ಮೈಯಲ್ಲಿ ಕಬ್ಬಿಣದಂಶ ಕಮ್ಮಿ ಇದ್ದರೂ ಈ ಅಂಕಿ ಸ್ವಲ್ಪ ಮೇಲೆ ತೋರಿಸಬಹುದು. ಇಷ್ಟರ ಮಟ್ಟಿಗೆ ಏಜೆಂಟ್ ಹೇಳಿದ್ದು ನಿಜ.

ಎರಡನೆಯದು, ಫಾರಂನಲ್ಲಿ ಕೇಳಿದ್ದಕ್ಕೆ ನಿಜ ಹೇಳುವ ಹೊಣೆ. ಏಳನೇ ಪ್ರಶ್ನೆ ನಿನಗೆ ಕಾಯಿಲೆ ಇದೆಯಾ ಅಂತ ಕೇಳುವುದಿಲ್ಲ. ರಿಪೋರ್ಟಿನಲ್ಲಿ ಕೆಂಪು ಬಂದಿದೆಯಾ ಅಂತ ಕೇಳುತ್ತದೆ. ಬಂದಿದೆ. ಎರಡು ತಿಂಗಳ ಹಿಂದೆ, ಹಣ ಕೊಟ್ಟು ತಗೊಂಡ ರಿಪೋರ್ಟಿನಲ್ಲೇ ಬಂದಿದೆ. ಹೇಳುವ ಹೊಣೆಯ ಬಲೆ ಕಾಯಿಲೆಯ ಬಲೆಗಿಂತ ಅಗಲ. ಅಲ್ಲದೆ ಆ ಫೋನ್ ಡಾಕ್ಟರ್ ಕಳಿಸಿದ ಒಂದು ಪುಟ ಇದೆಯಲ್ಲ, ಅದು ಡಾಕ್ಟರ್ ಸಲಹೆಯೇ. ಹಾಗಾಗಿ ಮೊದಲನೇ ಲೆಕ್ಕದಲ್ಲೂ ಭಾವ ಪೂರ್ತಿ ಹೊರಗಿರಲಿಲ್ಲ.

ಮುಚ್ಚಿಟ್ಟರೆ ಏನಾಗುತ್ತದೆ ಅಂತ ಪಾಲಿಸಿಯಲ್ಲೇ ಬರೆದಿದೆ. ಮುಖ್ಯವಾದ ವಿಷಯ ತಿಳಿಸದಿದ್ದರೆ, ತಪ್ಪು ತಿಳಿಸಿದರೆ, ಪಾಲಿಸಿ ರದ್ದು. ಕಟ್ಟಿದ ಪ್ರೀಮಿಯಂ ಕೂಡ ಹೋಯಿತು. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ದೀರ್ಘಕಾಲದ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಹೇಳದೆ ಮೆಡಿಕ್ಲೇಮ್ ತಗೊಂಡಿದ್ದವರ ಮನೆಯವರು ಸೋತರು. ಅದೇ ಕೋರ್ಟು 2021ರ ಡಿಸೆಂಬರ್ 6ರಂದು ಕೊಟ್ಟ ತೀರ್ಪು ಇನ್ನೊಂದು ಮಗ್ಗುಲು ತೋರಿಸುತ್ತದೆ. ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅಮೆರಿಕಕ್ಕೆ ಹೊರಟವರೊಬ್ಬರು ಸಕ್ಕರೆ ಕಾಯಿಲೆ ಇದೆ ಅಂತ ಹೇಳಿಯೇ ಪಾಲಿಸಿ ತಗೊಂಡಿದ್ದರು. ಅಲ್ಲಿ ಹೃದಯಾಘಾತವಾಯಿತು, ಸ್ಟೆಂಟ್ ಹಾಕಿದರು. ಕಂಪನಿ ಹಳೇ ಕಾಯಿಲೆ ಅಂತ ಹಣ ಕೊಡಲಿಲ್ಲ. ಹೇಳಿದ್ದನ್ನು ತೂಗಿ ನೋಡಿ ಪಾಲಿಸಿ ಕೊಟ್ಟ ಮೇಲೆ, ಅದೇ ಕಾಯಿಲೆ ಮುಂದಿಟ್ಟು ಕ್ಲೈಮ್ ತಳ್ಳಿಹಾಕುವಂತಿಲ್ಲ ಅಂತ ಕೋರ್ಟು ಹೇಳಿತು. ಹೇಳಿದವನಿಗೆ ಕೋರ್ಟಿನಲ್ಲೂ ಕಾಲೂರಲು ಜಾಗ ಇರುತ್ತದೆ.

"ಲ್ಯಾಬಿನವರು ಕಂಪನಿಗೆ ಹೇಳುತ್ತಾರಾ?" ಅಂತ ಅಕ್ಕ ಕೇಳಿದಳು. ಒಳ್ಳೇ ಪ್ರಶ್ನೆ. ಲ್ಯಾಬು ತಾನಾಗಿ ಹೇಳುವುದಿಲ್ಲ. ಆದರೆ ನಾಳೆ ಆಸ್ಪತ್ರೆ ಸೇರಿದಾಗ ಡಾಕ್ಟರ್ ಹಳೇ ರಿಪೋರ್ಟು ತನ್ನಿ ಅನ್ನುತ್ತಾರೆ. ನಾವು ಸಂತೋಷವಾಗಿ ಒಯ್ದು ಕೊಡುತ್ತೇವೆ. ಅದು ಕೇಸ್ ಶೀಟಿಗೆ ಸೇರುತ್ತದೆ. ಕೇಸ್ ಶೀಟು ಕಂಪನಿಗೆ ಹೋಗುತ್ತದೆ. ಕ್ಲೈಮ್ ಫಾರಂನಲ್ಲಿ ನಮ್ಮ ದಾಖಲೆ ಎಲ್ಲಿದ್ದರೂ ತರಿಸಿಕೊಳ್ಳಿ ಅಂತ ನಾವೇ ಒಪ್ಪಿಗೆ ಕೊಟ್ಟು ಸಹಿ ಹಾಕಿರುತ್ತೇವೆ. ಭಾವ ಇನ್ನೂ ಒಂದು ಕೆಲಸ ಮಾಡಿದ್ದರು. ಆದಾಯ ತೆರಿಗೆಯಲ್ಲಿ 80ಡಿ ಕಲಂ ಅಡಿ ಚೆಕಪ್ ಖರ್ಚು 5,000ದವರೆಗೆ ಆದಾಯದಲ್ಲಿ ಕಳೆದು ತೋರಿಸಬಹುದು ಅಂತ ಆ ಬಿಲ್ಲನ್ನು ಆಡಿಟರ್‌ಗೂ ಕೊಟ್ಟಿದ್ದರು. ಹಳೇ ತೆರಿಗೆ ಪದ್ಧತಿಯವರಿಗೆ ಆ ಸೌಲಭ್ಯ ಇದೆ. ಗುಟ್ಟು ಮಾಡಬೇಕು ಅಂತ ಇದ್ದವರು ರಸೀದಿಯನ್ನು ಊರೆಲ್ಲ ಹಂಚಿದ ಹಾಗಾಯಿತು.

ಹನ್ನೆರಡು ದಿನ ಬಾಕಿ

ನಮ್ಮ ಅದೃಷ್ಟಕ್ಕೆ ದಿನ ಇತ್ತು. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಅದನ್ನು ಓದಿ, ಬೇಡವೆನಿಸಿದರೆ ವಾಪಸ್ ಕೊಡುವ ಅವಕಾಶ ಇದೆ. ಫ್ರೀ ಲುಕ್ ಅನ್ನುತ್ತಾರೆ. ಮೊದಲು 15 ದಿನ ಇತ್ತು, 2024ರಿಂದ 30. ಭಾವನಿಗೆ ಅಕ್ಟೋಬರ್ 26ರವರೆಗೆ ಸಮಯ. ನಾನು ಓದಿದ್ದು 14ಕ್ಕೆ.

ದಾರಿ ಮೂರಿತ್ತು. ಸುಮ್ಮನಿರುವುದು ಒಂದು. ಐದು ವರ್ಷ ಬಿಡದೆ ಕಟ್ಟಿದರೆ, ಅಂದರೆ 60 ತಿಂಗಳು, ಆಮೇಲೆ ಹೇಳಲಿಲ್ಲ ಅನ್ನುವ ಕಾರಣಕ್ಕೆ ಕ್ಲೈಮ್ ನಿರಾಕರಿಸುವಂತಿಲ್ಲ. ವಂಚನೆ ಅಂತ ಸಾಬೀತಾದರೆ ಮಾತ್ರ ಬೇರೆ. ಮೊದಲು ಇದು ಎಂಟು ವರ್ಷ ಇತ್ತು. ಏಜೆಂಟ್ ಫೋನಿನಲ್ಲಿ ಹಿಡಿದು ನೇತಾಡಿದ್ದು ಇದನ್ನೇ. "ಐದು ವರ್ಷ ಏನೂ ಆಗಲ್ಲ ಬಿಡಿ ಸಾರ್." ಏನೂ ಆಗಲ್ಲ ಅಂತಿದ್ದರೆ ವಿಮೆ ಯಾಕೆ ಮಾಡಿಸಬೇಕಿತ್ತು ಅಂತ ಅಕ್ಕ ಅಡುಗೆಮನೆಯಿಂದಲೇ ಕೇಳಿದಳು. ಆ ಕಡೆ ಮಾತಿಲ್ಲ.

ಪಾಲಿಸಿ ವಾಪಸ್ ಕೊಟ್ಟು ಬೇರೆ ಕಂಪನಿಗೆ ಹೋಗುವುದು ಎರಡನೇ ದಾರಿ. ಅಲ್ಲೂ ಅದೇ ಏಳನೇ ಪ್ರಶ್ನೆ, ಬೇರೆ ನಂಬರ್‌ನಲ್ಲಿ ಇದ್ದೇ ಇರುತ್ತದೆ. ಅಲ್ಲಿ ಕಂಪನಿ ಬೇಡ ಅಂದರೆ ಕೈಯಲ್ಲಿದ್ದದ್ದೂ ಹೋಯಿತು.

ಮೂರನೆಯದು, ಇದೇ ಕಂಪನಿಗೆ ಬರೆದು ತಿದ್ದಿಸುವುದು. ಅದನ್ನೇ ಮಾಡಿದೆವು. ಕನ್ನಡದಲ್ಲಿ ಒಂದು ಕರಡು ಬರೆದು, ಮಗಳ ಕೈಲಿ ಇಂಗ್ಲಿಷ್ ಮಾಡಿಸಿ ಮೇಲ್ ಹಾಕಿದೆವು. ಹದಿನಾಲ್ಕು ಪುಟದ ರಿಪೋರ್ಟು, ಫೋನ್ ಡಾಕ್ಟರ ಆ ಒಂದು ಪುಟ, ಎರಡೂ ಲಗತ್ತು. ಬರೆಯುವಾಗ ಒಂದು ವಿಷಯದಲ್ಲಿ ನಾನು ಹಟ ಹಿಡಿದೆ. 'ಸಕ್ಕರೆ ಕಾಯಿಲೆ ಇದೆ' ಅಂತ ಬರೆಯಕೂಡದು. ಇಲ್ಲದ್ದನ್ನು ಒಪ್ಪಿಕೊಂಡರೂ ತಪ್ಪೇ. 'ಜುಲೈ 2025ರ ಸ್ಕ್ರೀನಿಂಗ್‌ನಲ್ಲಿ ಹೆಚ್‌ಬಿಎ1ಸಿ 6.2, ಔಷಧಿ ಶುರು ಮಾಡಿಲ್ಲ, ಪಿತ್ತದ ಕಲ್ಲಿಗೆ ನೋವಿಲ್ಲ' ಅಂತ ಇದ್ದದ್ದು ಇದ್ದ ಹಾಗೆ. ಪಿತ್ತದ ಕಲ್ಲಿಗೆ ಹೇಗೂ ಎರಡು ವರ್ಷ ಕಾಯಬೇಕು ಅಂತ ಪಾಲಿಸಿಯ ಪಟ್ಟಿಯಲ್ಲೇ ಇತ್ತು. ಕಣ್ಣಿನ ಪೊರೆ, ಹರ್ನಿಯಾ ಇದ್ದ ಹಾಗೆ ಅದೂ ಒಂದು. ಅದನ್ನು ಮುಚ್ಚಿಟ್ಟಿದ್ದರಿಂದ ಭಾವನಿಗೆ ಒಂದು ಪೈಸೆ ಲಾಭವೂ ಇರಲಿಲ್ಲ.

ಕಂಪನಿ ಹೊಸದಾಗಿ ರಕ್ತಪರೀಕ್ಷೆ ಕೇಳಿತು. ಅಷ್ಟರಲ್ಲಿ ಭಾವ ಮೂರು ತಿಂಗಳಿನಿಂದ ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ಸುತ್ತು ಹಾಕುತ್ತಿದ್ದರು. ಹೆಚ್‌ಬಿಎ1ಸಿ 6.0 ಬಂತು. ನವೆಂಬರ್ ಮೊದಲ ವಾರ ಪತ್ರ ಬಂತು. ಪಾಲಿಸಿ ಮುಂದುವರಿಯುತ್ತದೆ, ಎರಡು ಷರತ್ತು. ಸಕ್ಕರೆ, ಕೊಬ್ಬಿನಂಶ 'ಮತ್ತು ಅವುಗಳ ತೊಡಕುಗಳಿಗೆ' 36 ತಿಂಗಳು ಕಾಯಬೇಕು. ಪ್ರೀಮಿಯಂ ಮೇಲೆ 20% ಜಾಸ್ತಿ. ಒಪ್ಪಿಗೆ ಇದ್ದರೆ ಸಹಿ ಮಾಡಿ ಕಳಿಸಿ.

24,800ಕ್ಕೆ 20% ಅಂದರೆ 4,960. ಜಿಎಸ್‌ಟಿಯಲ್ಲಿ ಉಳಿಸಿದ್ದು 4,464. ಭಾವ ಕ್ಯಾಲ್ಕುಲೇಟರ್ ಮೇಲೆ ಇದನ್ನು ಎರಡು ಸಲ ಮಾಡಿ ನೋಡಿದರು. ಅವತ್ತು ನನ್ನ ಜೊತೆ ಜಾಸ್ತಿ ಮಾತಾಡಲಿಲ್ಲ.

ನನಗೆ ಕಾಡಿದ್ದು ಆ ಹಣ ಅಲ್ಲ. 'ಮತ್ತು ಅವುಗಳ ತೊಡಕುಗಳು' ಅನ್ನುವ ಮೂರು ಪದ. ಭಾವ ವಿಮೆಗೆ ಹೋಗಿದ್ದೇ ಹೃದಯದ ಹೆದರಿಕೆಯಿಂದ. ಟ್ರೈಗ್ಲಿಸರೈಡ್ ಜಾಸ್ತಿ ಇದ್ದವನಿಗೆ ಎರಡನೇ ವರ್ಷದಲ್ಲಿ ಹೃದಯಾಘಾತ ಆದರೆ ಅದು ಹೊಸ ಕಾಯಿಲೆಯಾ, ಹಳೇದರ ತೊಡಕಾ? ಇದನ್ನು ನೇರವಾಗಿ ಬರೆದು ಕೇಳಿದೆ. 'ಪ್ರತಿ ಕ್ಲೈಮನ್ನು ಅದರ ವೈದ್ಯಕೀಯ ದಾಖಲೆ ನೋಡಿ ತೀರ್ಮಾನಿಸಲಾಗುತ್ತದೆ' ಅಂತ ಉತ್ತರ ಬಂತು. ಜಾರಿಕೊಳ್ಳುವ ಉತ್ತರ. ಇನ್ನೊಂದು ಸಲ ಕೇಳಿದೆ, ಅದೇ ವಾಕ್ಯ ಮತ್ತೆ ಬಂತು. ಇಸಿಜಿ ನಾರ್ಮಲ್ ಇದ್ದ ಜುಲೈ ರಿಪೋರ್ಟು ಈಗ ನಮಗೇ ಬೇಕಾದ ಸಾಕ್ಷಿ ಆಯಿತು. ಹೃದಯ ಆಗ ಸರಿ ಇತ್ತು ಅನ್ನಲಿಕ್ಕೆ ಅದಕ್ಕಿಂತ ಬೇರೆ ಕಾಗದ ಇಲ್ಲ. ಅಕ್ಕನಿಗೆ ಹೇಳಿದೆ, ಇದನ್ನು ಲ್ಯಾಮಿನೇಟ್ ಮಾಡಿಸಿದರೂ ತಪ್ಪಿಲ್ಲ ಅಂತ.

ನಡುವಿನ ಮೂರು ವರ್ಷಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡು ಮಾಡಿಸಿದ್ದೂ ಆಯಿತು. ಭಾವನದ್ದು ಎಪಿಎಲ್. ಅವರಿಗೆ ಸರ್ಕಾರ ನಿಗದಿ ಮಾಡಿದ ದರದ 30% ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಬಿಪಿಎಲ್‌ನವರಿಗೆ 5 ಲಕ್ಷದವರೆಗೆ ಇದೆ. ಏನಾದರೂ ಆಗಲಿ, ಆ ಕಾರ್ಡು ನಿನ್ನ ಸಕ್ಕರೆ ಎಷ್ಟು ಅಂತ ಕೇಳುವುದಿಲ್ಲ.

ಇಲ್ಲಿ ನನ್ನದೇ ಒಂದು ಮಾತು ಸೇರಿಸುತ್ತೇನೆ. ನನ್ನ ಪಾಲಿಸಿ 2017ರದ್ದು. 2022ರಲ್ಲಿ ನನ್ನ ಹೆಚ್‌ಬಿಎ1ಸಿ 6.8 ಬಂತು, ಮಾತ್ರೆ ಶುರುವಾಯಿತು. ಭಾವನಿಗಿಂತ ನಾನೇ ಜಾಸ್ತಿ ರೋಗಿ. ಆದರೆ ನನಗೆ ಹೆಚ್ಚಿನ ಪ್ರೀಮಿಯಂ ಹೊರಿಸಲಿಲ್ಲ, ಕಾಯಿಸಲೂ ಇಲ್ಲ. ಪಾಲಿಸಿ ನಡೆಯುತ್ತಿರುವಾಗ ಬಂದ ಕಾಯಿಲೆ ಮೊದಲೇ ಇದ್ದ ಕಾಯಿಲೆ ಅಲ್ಲ. ನವೀಕರಣದ ಹೊತ್ತಿಗೆ ಕಂಪನಿ ನಮ್ಮ ಆರೋಗ್ಯವನ್ನು ಮತ್ತೆ ಹೊಸದಾಗಿ ತೂಗುವಂತಿಲ್ಲ. ವಿಮೆಯ ಮೊತ್ತ ಏರಿಸಿದರೆ ಮಾತ್ರ ತೂಗಬಹುದು, ಆಗ ಏರಿಸಿದ ಭಾಗಕ್ಕಷ್ಟೇ ಹೊಸ ಕಾಯುವಿಕೆ. ಒಂದೇ ಮನೆಯ ಎರಡು ಮೈ, ಎರಡೂ ಸಿಹಿ. ಒಬ್ಬನಿಗೆ ಪಾಲಿಸಿ ಮೊದಲು ಬಂತು, ಇನ್ನೊಬ್ಬನಿಗೆ ರಿಪೋರ್ಟು ಮೊದಲು ಬಂತು.

ಏಣಿ

2026ರ ಫೆಬ್ರವರಿ. ಮೆಣಸು ಕೊಯ್ಲು. ಆಳು ಸಿಗದೆ ಭಾವನೇ ಏಣಿ ಹತ್ತಿದರು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿ. ಹನ್ನೆರಡು ಅಡಿ ಮೇಲಿಂದ ಜಾರಿತು. ಬಲಗೈ ಊರಿ ಬಿದ್ದರು. ಮಣಿಕಟ್ಟಿನ ಹತ್ತಿರ ಮೂಳೆ ಎರಡು ತುಂಡು.

ಹಾಸನದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಪ್ಲೇಟ್ ಹಾಕಬೇಕು ಅಂದರು. ಅಪಘಾತಕ್ಕೆ ಪಾಲಿಸಿಯಲ್ಲಿ ಕಾಯುವ ಅವಧಿಯೇ ಇಲ್ಲ, ಮೊದಲ ದಿನದಿಂದಲೇ ಇದೆ. ಹಾಗಾಗಿ ನಾನು ನಿಶ್ಚಿಂತೆಯಾಗಿದ್ದೆ. ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟಲಿ ಅಂತ, ಅಂದರೆ ಕ್ಯಾಶ್‌ಲೆಸ್‌ಗೆ ಕಳಿಸಿದರು. ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು ಅಂತ 2024ರ ಸುತ್ತೋಲೆ ಇದೆ. ಒಂದು ಗಂಟೆಯೊಳಗೇ ಬಂತು. ತೀರ್ಮಾನ ಅಲ್ಲ, ಪ್ರಶ್ನೆ. 'ರೋಗಿಗೆ ಸಕ್ಕರೆ ಕಾಯಿಲೆ ಯಾವಾಗಿನಿಂದ? ಮೊದಲು ತೋರಿಸಿದ ಡಾಕ್ಟರ ಚೀಟಿ ಕೊಡಿ.'

ಕೈ ಮುರಿದವನಿಗೆ ಇದೇನು ಪ್ರಶ್ನೆ ಅಂತ ಇನ್ಶೂರೆನ್ಸ್ ಡೆಸ್ಕಿನ ಹುಡುಗಿಯನ್ನು ಕೇಳಿದೆ. ಆಕೆ ಕೇಸ್ ಶೀಟು ತಿರುಗಿಸಿ ತೋರಿಸಿದಳು. ಮೊದಲ ಪುಟ, ನೀಲಿ ಇಂಕು, ಡ್ಯೂಟಿ ಡಾಕ್ಟರ ಓಡುವ ಕೈಬರಹ: 'ಕೆ/ಸಿ/ಒ ಡಿಎಂ.' ಅಂದರೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಿರುವ ರೋಗಿ. ಪಕ್ಕದಲ್ಲಿ ಅವತ್ತಿನ ಸಕ್ಕರೆ 171.

ನಡೆದದ್ದು ಇಷ್ಟು. ನೋವಿನಲ್ಲಿ ನರಳುತ್ತಿದ್ದ ಭಾವನನ್ನು ಶುಗರ್ ಇದೆಯಾ ಅಂತ ಕೇಳಿದ್ದಾರೆ. "ಹೂಂ, ಸ್ವಲ್ಪ ಇದೆ ಅಂತ ರಿಪೋರ್ಟ್‌ನಲ್ಲಿ ಬಂದಿತ್ತು" ಅಂದಿದ್ದಾರೆ. ಪೆಟ್ಟು ಬಿದ್ದಾಗ, ನೋವಿದ್ದಾಗ ಯಾರಿಗಾದರೂ ಸಕ್ಕರೆ ಏರುತ್ತದೆ. ಡಾಕ್ಟರ್ ಎರಡನ್ನೂ ಕೂಡಿಸಿ ಐದಕ್ಷರ ಬರೆದಿದ್ದಾರೆ. ಅವರಿಗೆ ಅದು ಆಪರೇಷನ್ ಮುಂಚಿನ ಎಚ್ಚರಿಕೆ. ಕಂಪನಿಗೆ ಅದು ಇನ್ನೊಂದೇ ಸುದ್ದಿ.

ಇದಕ್ಕೆ ನಮ್ಮ ಹತ್ತಿರ ಕಾಗದ ಇತ್ತು. ಅಕ್ಟೋಬರಿನ ಮೇಲ್, ನವೆಂಬರಿನ ಷರತ್ತಿನ ಪತ್ರ, ಭಾವನ ಸಹಿ. ಮೂಳೆ ಡಾಕ್ಟರನ್ನು ನೋಡಿ ವಿಷಯ ಹೇಳಿದೆ. ಕೇಸ್ ಶೀಟಿನಲ್ಲಿ ಬರೆದದ್ದನ್ನು ಹೊಡೆದು ಹಾಕಿ ಅಂತ ಕೇಳಲಿಲ್ಲ, ಕೇಳಲೂಬಾರದು, ಅವರು ಮಾಡುವುದೂ ಇಲ್ಲ. ಹಳೇ ರಿಪೋರ್ಟು ನೋಡಿ ಒಂದು ಸ್ಪಷ್ಟನೆ ಬರೆದು ಕೊಡಿ ಅಂದೆ. ಅವರು ಎರಡು ರಿಪೋರ್ಟನ್ನೂ ಓದಿ, ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದರು. ಸಕ್ಕರೆ ಕಾಯಿಲೆ ಅಂತ ಖಚಿತವಾಗಿಲ್ಲ, ಹೊಸ್ತಿಲಿನಲ್ಲಿದ್ದಾರೆ, ಔಷಧಿ ಇಲ್ಲ, ಜುಲೈ 2025ರಲ್ಲಿ ಮೊದಲು ಕಂಡದ್ದು, ಮೂಳೆ ಮುರಿದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಹಿ, ಸೀಲು, ತಾರೀಕು.

ಸಂಜೆ ನಾಲ್ಕೂವರೆಗೆ ಕಳಿಸಿದ್ದು, ಏಳಕ್ಕೆ ಒಪ್ಪಿಗೆ ಬಂತು. ಮಾರನೇ ದಿನ ಆಪರೇಷನ್. ಒಟ್ಟು ಬಿಲ್ಲು 1,12,000. ಕಂಪನಿ ಕೊಟ್ಟದ್ದು 1,03,500. ಮಿಕ್ಕ 8,500 ಗ್ಲೌಸ್, ಫೈಲ್ ಚಾರ್ಜ್ ಅಂತ ನಮ್ಮ ತಲೆಗೆ.

ಹೇಳದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಭಾವನೇ ವಾರ್ಡಿನಲ್ಲಿ ಮಲಗಿ ಕೇಳಿದರು. ಖಡಾಖಂಡಿತ ಹೇಳಲಾರೆ. ಆದರೆ ಫಾರಂನಲ್ಲಿ 'ಇಲ್ಲ', ಕೇಸ್ ಶೀಟಿನಲ್ಲಿ 'ಇದೆ'. ಎರಡನ್ನೂ ಪಕ್ಕದಲ್ಲಿಟ್ಟರೆ ಕ್ಲೈಮ್ ಅಷ್ಟೇ ಅಲ್ಲ, ಮೂವರ ಪಾಲಿಸಿಯೇ ಅಲ್ಲಾಡುತ್ತಿತ್ತು. ಮುರಿದ ಕೈಗೂ ಸಕ್ಕರೆಗೂ ಸಂಬಂಧ ಇಲ್ಲ ಅಂತ ನಾವು ಹೊಡೆದಾಡಬಹುದಿತ್ತು. ಕಂಪನಿಯೊಳಗಿನ ಪರಿಶೀಲನಾ ಸಮಿತಿ ಒಪ್ಪದೆ ಯಾವ ಕ್ಲೈಮನ್ನೂ ತಳ್ಳಿಹಾಕುವಂತಿಲ್ಲ ಅಂತ ಈಗ ನಿಯಮ ಇದೆ. ಅದೂ ಆದ ಮೇಲೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲ ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ, ಕಂಪನಿ ಕೈಚೆಲ್ಲಿದ ಒಂದು ವರ್ಷದೊಳಗೆ ಹೋಗಬೇಕು. ಆದರೆ ಅಲ್ಲಿಗೆ ಹೋಗುವಾಗ ಏಳನೇ ಪ್ರಶ್ನೆಯ 'ಇಲ್ಲ' ಕೂಡ ನಮ್ಮ ಜೊತೆ ಬಸ್ಸು ಹತ್ತುತ್ತಿತ್ತು.

ಏಜೆಂಟ್ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದಿದ್ದರು. "ನಾನು ಮಾಡಿಸಿದ ಪಾಲಿಸಿ ಹೇಗೆ ಕೈ ಹಿಡಿಯಿತು ನೋಡಿ ಸಾರ್" ಅಂದರು. ಭಾವ ಎಡಗೈಯಲ್ಲಿ ಸೇಬು ತಗೊಂಡು ಸುಮ್ಮನಿದ್ದರು.

ಮೊನ್ನೆ ಬ್ಯಾಂಡೇಜ್ ಬಿಚ್ಚಿದ ದಿನ ಅದೇ ಲ್ಯಾಬಿನಿಂದ ಮೆಸೇಜ್ ಬಂತು. ಹಾರ್ಟ್ ಪ್ಯಾಕೇಜ್, 999 ರೂಪಾಯಿ, ಈ ವಾರ ಮಾತ್ರ. ಭಾವ ಫೋನ್ ನನ್ನ ಮುಂದೆ ಹಿಡಿದರು. "ಮಾಡಿಸಲಾ ಬೇಡ್ವಾ? ಇನ್ನೇನಾದ್ರೂ ಕೆಂಪು ಬಂದರೆ?"

"ಮಾಡಿಸಿ" ಅಂದೆ. "ಹೊಸದಾಗಿ ಏನಾದರೂ ಬಂದರೆ ಅದು ಪಾಲಿಸಿ ಶುರುವಾದ ಮೇಲೆ ಬಂದದ್ದು."

"ಇದನ್ನೂ ಅವರಿಗೆ ಮೇಲ್ ಮಾಡಬೇಕಾ?" ಅಂತ ಅಕ್ಕ.

"ಬೇಡ. ಹತ್ತು ಲಕ್ಷವನ್ನು ಇಪ್ಪತ್ತು ಮಾಡಬೇಕು ಅನ್ನಿಸಿದ ದಿನ ಹೇಳೋಣ."

ಅಕ್ಕ ಎದ್ದು ಹೋಗಿ ಫೈಲಿನಲ್ಲಿ ಇನ್ನೊಂದು ಪ್ಲಾಸ್ಟಿಕ್ ಕವರ್ ಸೇರಿಸಿದಳು. ಭಾವ ಶನಿವಾರ ಬೆಳಿಗ್ಗೆ ಏಳಕ್ಕೆ ಅಂತ ಬುಕ್ ಮಾಡಿದರು.